ಎಂಜಿನ್ನಿನ ವೇಗ ಮತ್ತು ಆಯುಷ್ಯ: ಚಾಲಕರ ವೃತ್ತಿಜ್ಞಾನದ ಒಂದು ಪರಿಶೀಲನೆ

ಕರ್ನಾಟಕದ ಗ್ಯಾರೇಜು, ಲಾರಿ ನಿಲ್ದಾಣ ಹಾಗೂ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ತಿಳಿವಳಿಕೆಯ ಒಂದು ದೊಡ್ಡ ಭಾಗ ಎಂಜಿನ್ನಿನ ಆಯುಷ್ಯವನ್ನು ಕುರಿತದ್ದಾಗಿದೆ. ‘ಸುಮ್ಮನೆ ರೇಸ್ ಮಾಡಬಾರದು’, ‘ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಎಳೆಯಬಾರದು’, ‘ಹತ್ತಿದ ಗೇರಿನಲ್ಲೇ ಘಾಟಿ ಇಳಿಯಬೇಕು’, ‘ಆಫ್ ಮಾಡುವ ಮುನ್ನ ಒಮ್ಮೆ ರೇಸ್ ಕೊಡಬೇಕು’ ಎಂಬ ವಿಧಿನಿಷೇಧಗಳನ್ನು ಹಿರಿಯ ಚಾಲಕನು ಕ್ಲೀನರ್ ಹುಡುಗನಿಗೆ ಕಲಿಸುತ್ತ ಬಂದಿದ್ದಾನೆ. ಜನಪದವೆಂದರೆ ಹಳ್ಳಿಯ ಅನಕ್ಷರಸ್ಥ ಸಮುದಾಯ ಮಾತ್ರವಲ್ಲ, ಯಾವುದಾದರೂ ಒಂದು ಸಮಾನ ಅಂಶದಿಂದ ಒಂದುಗೂಡಿದ ಯಾವುದೇ ಗುಂಪು ಎಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1965ರಲ್ಲಿ ಪ್ರತಿಪಾದಿಸಿದರು. ಈ ವ್ಯಾಖ್ಯೆಯಂತೆ ಚಾಲಕರೂ ಒಂದು ಜನಪದ. ಅವರ ತಿಳಿವಳಿಕೆ ವೃತ್ತಿ ಜಾನಪದ. ಎಂಜಿನ್ನನ್ನು ಪದೇ ಪದೇ ಹೆಚ್ಚು ವೇಗದಲ್ಲಿ ತಿರುಗಿಸಿದರೆ ಅದರ ಆಯುಷ್ಯ ಕುಗ್ಗುವುದೇ ಎಂಬ ಪ್ರಶ್ನೆಗೆ ಈ ಪರಂಪರೆ ನೀಡುವ ಉತ್ತರವನ್ನು ಯಂತ್ರದ ವಾಸ್ತವದೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಗಮನಿಸಬೇಕಾದುದು ಇಲ್ಲಿನ ಭಾಷೆ. ‘ಗಾಡಿ ಹೊಡೆಯುವುದು’ ಎಂಬ ಮಾತು ಎತ್ತಿನ ಗಾಡಿಯಿಂದ ಮೋಟಾರಿಗೆ ಬಂದಿದೆ. ಎಂಜಿನ್ ‘ಎಳೆಯುತ್ತದೆ’, ‘ಆಯಿಲ್ ಕುಡಿಯುತ್ತದೆ’, ‘ದಮ್ಮು ಕಳೆದುಕೊಳ್ಳುತ್ತದೆ’, ಕೊನೆಗೆ ‘ಕೂತುಹೋಗುತ್ತದೆ’. ಎತ್ತನ್ನು ಹೆಚ್ಚು ಓಡಿಸಿದರೆ ಅದು ಬೇಗ ಸೋಲುವಂತೆ ಎಂಜಿನ್ನೂ ಸೋಲುತ್ತದೆಂಬ ತರ್ಕ ಈ ರೂಪಕದೊಳಗೇ ಅಡಗಿದೆ. ಈ ತರ್ಕ ಅರ್ಧ ಮಾತ್ರ ಸರಿ.

ಎಂಜಿನ್ನಿಗೆ ದಣಿವಿಲ್ಲ, ಇರುವುದು ಸವೆತ. ಪಿಸ್ಟನ್ನು ಪ್ರತಿ ಸುತ್ತಿನಲ್ಲಿಯೂ ಮೇಲೆ ಹಾಗೂ ಕೆಳಗೆ ಒಮ್ಮೊಮ್ಮೆ ನಿಂತು ದಿಕ್ಕು ಬದಲಿಸುತ್ತದೆ. ಹೀಗೆ ದಿಕ್ಕು ಬದಲಿಸುವಾಗ ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗುಗಳ ಮೇಲೆ ಬೀಳುವ ಜಡತ್ವದ ಸೆಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನಿಮಿಷಕ್ಕೆ 2500 ಸುತ್ತು ತಿರುಗುತ್ತಿದ್ದ ಎಂಜಿನ್ 5000 ಸುತ್ತು ತಿರುಗಿದಾಗ ಈ ಸೆಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಆದರೆ ಎಂಜಿನ್ ಬಿಸಿಯಾಗಿದ್ದು ತೈಲ ಸರಿಯಾಗಿದ್ದಾಗ ಬೇರಿಂಗಿನಲ್ಲಿ ಲೋಹಕ್ಕೆ ಲೋಹ ತಾಗುವುದಿಲ್ಲ. ನಡುವೆ ತೈಲದ ತೆಳುಪದರವಿರುತ್ತದೆ. ವೇಗ ಏರಿದಂತೆ ತೈಲದ ಪಂಪೂ ವೇಗವಾಗಿ ತಿರುಗುವುದರಿಂದ ಒತ್ತಡ ನಿಗದಿತ ಮಿತಿಯವರೆಗೆ ಏರುತ್ತದೆ. ಆದುದರಿಂದ ತಯಾರಕರು ಗುರುತಿಸಿದ ಕೆಂಪು ಗೆರೆಯೊಳಗೆ, ಬಿಸಿಯಾದ ಎಂಜಿನ್ನನ್ನು ಆಗಾಗ ಹೆಚ್ಚು ವೇಗಕ್ಕೆ ಒಯ್ಯುವುದರಿಂದ ಅದು ಬೇಗ ಕೆಡುವುದಿಲ್ಲ. ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ ಇಂಧನ ಹೆಚ್ಚು ಖರ್ಚಾಗುತ್ತದೆ, ಸವೆತವೂ ತುಸು ಹೆಚ್ಚುತ್ತದೆ.

ಹಾಗಾದರೆ ಹಿರಿಯ ಚಾಲಕರ ನಿಷೇಧ ಹುರುಳಿಲ್ಲದ್ದೇ? ಅದು ಯಾವ ಯಂತ್ರದ ಎದುರು ಹುಟ್ಟಿತು ಎಂಬುದನ್ನು ನೋಡಬೇಕು. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಚಲಿಸುವ ದೂರ 88.9 ಮಿಲಿಮೀಟರ್. 1983ರಲ್ಲಿ ಬಂದ ಮಾರುತಿ 800ರ 796 ಸಿಸಿ ಎಂಜಿನ್ನಿನಲ್ಲಿ ಈ ದೂರ 72 ಮಿಲಿಮೀಟರ್. ಲೆಕ್ಕ ಹಾಕಿದರೆ, ಅಂಬಾಸಿಡರ್ 4000 ಸುತ್ತಿನಲ್ಲಿರುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 11.9 ಮೀಟರ್, ಮಾರುತಿ ಅದೇ ವೇಗವನ್ನು ಮುಟ್ಟುವುದು 5000 ಸುತ್ತಿನ ಆಸುಪಾಸಿನಲ್ಲಿ. ಉದ್ದ ಚಲನೆಯ ಹಳೆಯ ಎಂಜಿನ್ನಿನ ಕೂಗನ್ನು ಕೇಳಿ ‘ಸಾಕು’ ಎಂದ ಚಾಲಕನ ಕಿವಿ ತಪ್ಪಿರಲಿಲ್ಲ. ಅದೇ ಕಿವಿ ಮಾರುತಿಯ ಸಹಜ ಸದ್ದನ್ನೂ ನರಳಾಟವೆಂದು ಕೇಳಿಸಿಕೊಂಡರೆ ಅಲ್ಲಿ ಯಂತ್ರ ಬದಲಾಗಿದೆ, ನಿಯಮ ಉಳಿದಿದೆ ಎಂದರ್ಥ.

ಎಲ್ಲ ಕಾಲದ ಎಂಜಿನ್ನಿಗೂ ಸಲ್ಲುವ ನಿಯಮವೆಂದರೆ ತಣ್ಣಗಿರುವಾಗ ಎಳೆಯಬಾರದೆಂಬುದು. ರಾತ್ರಿಯಿಡೀ ನಿಂತ ಎಂಜಿನ್ನಿನ ತೈಲ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ, ಮಂದವಾಗಿರುತ್ತದೆ. ಅಲ್ಯೂಮಿನಿಯಂ ಪಿಸ್ಟನ್ನು ಎರಕದ ಕಬ್ಬಿಣದ ಸಿಲಿಂಡರಿಗಿಂತ ಬೇಗ ಹಾಗೂ ಹೆಚ್ಚು ಹಿಗ್ಗುತ್ತದೆ. ಆಗಲೇ ರೇಸ್ ಮಾಡಿದರೆ ಹಿಗ್ಗಿದ ಪಿಸ್ಟನ್ನು ಇನ್ನೂ ತಣ್ಣಗಿರುವ ಸಿಲಿಂಡರಿನ ಗೋಡೆಯನ್ನು ತರಚುವ ಅಪಾಯವಿದೆ. ನೀರಿನ ಉಷ್ಣತೆ ತೋರಿಸುವ ಮುಳ್ಳು ಸರಿಯಾದ ಜಾಗಕ್ಕೆ ಬಂದ ಮೇಲೂ ತೈಲ ಪೂರ್ತಿ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು. ಕೊಟ್ಟಿಗೆಯಿಂದ ಬಿಚ್ಚಿದ ಎತ್ತನ್ನು ಕೂಡಲೇ ಓಡಿಸಬಾರದೆಂಬ ರೈತನ ವಿವೇಕ ಇಲ್ಲಿ ಯಂತ್ರಕ್ಕೂ ಒಪ್ಪುತ್ತದೆ.

ಕೆಂಪು ಗೆರೆ ದಾಟುವುದು ಇನ್ನೊಂದು ನಿಜವಾದ ಅಪಾಯ. ವಾಲ್ವುಗಳನ್ನು ಸಾಮಾನ್ಯವಾಗಿ ಕ್ಯಾಮ್ ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಮಿತಿ ಮೀರಿದ ವೇಗದಲ್ಲಿ ಸ್ಪ್ರಿಂಗಿಗೆ ಹೊತ್ತಿಗೆ ಸರಿಯಾಗಿ ಮುಚ್ಚಲಾಗದೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿಯಬಹುದು. ಇಂದಿನ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಎಂಜಿನ್ನುಗಳು ಆ ಹಂತದಲ್ಲಿ ಇಂಧನವನ್ನು ತಾವೇ ತಡೆಯುತ್ತವೆ. ಆದರೆ ಐದನೆಯ ಗೇರಿನಿಂದ ತಪ್ಪಿ ಎರಡನೆಯದಕ್ಕೆ ಹಾಕಿದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಆ ಕಾವಲು ಕೆಲಸಕ್ಕೆ ಬಾರದು.

ಚಾಲಕ ಪರಂಪರೆ ವೇಗವನ್ನು ಸಾರಾಸಗಟಾಗಿ ನಿಷೇಧಿಸಿಲ್ಲವೆಂಬುದೂ ಗಮನಾರ್ಹ. ಆಗುಂಬೆ, ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಕೆಳಗಿನ ಗೇರಿಗೆ ಬಂದು ಎಂಜಿನ್ನನ್ನು ವೇಗವಾಗಿ ತಿರುಗಿಸುವುದೇ ಕ್ರಮ. ಮೇಲಿನ ಗೇರಿನಲ್ಲಿ ಕಡಿಮೆ ಸುತ್ತಿಗೆ ಭಾರ ಹೊರಿಸಿದರೆ ಬೇರಿಂಗಿನ ತೈಲಪದರ ತೆಳುವಾಗುತ್ತದೆ, ಪೆಟ್ರೋಲ್ ಎಂಜಿನ್ನಿನಲ್ಲಿ ಅಕಾಲ ದಹನದ ಬಡಿತ ಕೇಳಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮಕ್ಕೆ ಹೊಂದುವ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯಿದೆ. ಆ ಮಸಿ ಉರಿದುಹೋಗಲು ಹೆಚ್ಚಿನ ಉಷ್ಣತೆ ಬೇಕು. ಸದಾ ಮೆಲ್ಲಗೆ, ಸಮೀಪದ ಓಡಾಟಕ್ಕೆ ಮಾತ್ರ ಬಳಸಿದ ವಾಹನದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಇಲ್ಲಿ ಅತಿಯಾದ ಜೋಪಾನವೇ ಕೇಡು.

ಆಫ್ ಮಾಡುವ ಮುನ್ನ ರೇಸ್ ಕೊಡುವ ಆಚರಣೆಯ ಪ್ರಸಂಗ ಬೇರೆ. ಬ್ಯಾಟರಿಗೆ ಚಾರ್ಜ್ ಸಿಗುತ್ತದೆ, ಮರುದಿನ ಬೇಗ ಸ್ಟಾರ್ಟ್ ಆಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹಳೆಯ ವಾಹನಗಳ ಡೈನಮೊ ನಿಧಾನಗತಿಯಲ್ಲಿ ವಿದ್ಯುತ್ತನ್ನು ಅಷ್ಟಾಗಿ ಕೊಡುತ್ತಿರಲಿಲ್ಲವೆಂಬುದು ನಿಜ. ಈ ಆಚರಣೆಯ ಬೇರು ಅಲ್ಲಿರಬಹುದು. ಆದರೆ ಕೆಲವು ಕ್ಷಣಗಳ ರೇಸಿನಿಂದ ಬ್ಯಾಟರಿಗೆ ದೊರೆಯುವುದು ಅತ್ಯಲ್ಪ. ಕಾರ್ಬುರೇಟರ್ ಎಂಜಿನ್ನಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ತೈಲವನ್ನು ತೊಳೆಯುತ್ತಿತ್ತು. ಟರ್ಬೊ ಇರುವ ಎಂಜಿನ್ನಿನಲ್ಲಂತೂ ಇದು ನೇರ ಹಾನಿ. ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನು ಮೀರಬಲ್ಲ ಟರ್ಬೊ ಇನ್ನೂ ತಿರುಗುತ್ತಿರುವಾಗಲೇ ತೈಲ ನಿಂತುಹೋಗುತ್ತದೆ, ಉಳಿದ ತೈಲ ಕಾದು ಕರಿಕಟ್ಟುತ್ತದೆ. ಘಾಟಿ ಹತ್ತಿ ಬಂದ ಗಾಡಿಯನ್ನು ಒಂದೆರಡು ನಿಮಿಷ ಹಾಗೆಯೇ ಓಡಬಿಟ್ಟು ಆಮೇಲೆ ನಿಲ್ಲಿಸುವ ರೂಢಿಯೇ ಇಲ್ಲಿ ಸರಿಯಾದುದು.

ಒಟ್ಟಿನಲ್ಲಿ, ಎಂಜಿನ್ನಿನ ಆಯುಷ್ಯವನ್ನು ನಿರ್ಧರಿಸುವುದು ವೇಗವೊಂದೇ ಅಲ್ಲ. ಆ ವೇಗದ ಹೊತ್ತು, ಹೊರೆ ಮತ್ತು ತೈಲದ ಸ್ಥಿತಿ. ಅಳತೆಕಡ್ಡಿಯ ತೈಲವನ್ನು ಬೆರಳುಗಳ ನಡುವೆ ಉಜ್ಜಿ ನೋಡುವ ಚಾಲಕನು ಈ ಸತ್ಯವನ್ನು ಶಾಸ್ತ್ರದ ಹೆಸರಿಲ್ಲದೆಯೇ ತಿಳಿದಿದ್ದಾನೆ. ಸಂಶೋಧಕನು ಇಂತಹ ನಿಯಮಗಳನ್ನು ಮೂಢನಂಬಿಕೆಯೆಂದು ತಳ್ಳುವುದೂ ಸಲ್ಲದು, ಅನುಭವವಾಣಿಯೆಂದು ಪೂಜಿಸುವುದೂ ಸಲ್ಲದು. ಪ್ರತಿ ನಿಯಮದೊಡನೆ ಅದು ಹುಟ್ಟಿದ ಯಂತ್ರ, ಕಾಲ ಹಾಗೂ ರಸ್ತೆಯನ್ನೂ ದಾಖಲಿಸಬೇಕು. ಸದ್ದಿಲ್ಲದ ವಿದ್ಯುತ್ ವಾಹನಗಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ಸದ್ದನ್ನು ಕೇಳಿಯೇ ಎಂಜಿನ್ನಿನ ಆರೋಗ್ಯ ಹೇಳಬಲ್ಲ ತಲೆಮಾರು ಮರೆಯಾಗುವ ಮುನ್ನವೇ ಈ ಕೆಲಸ ನಡೆಯಬೇಕಾಗಿದೆ.