ಕೈ ಕೆಸರಾಗುವ ಪುಸ್ತಕಗಳು

ಪುಸ್ತಕವನ್ನು ಕೆಡಿಸದೆ ಓದುವವನೇ ಒಳ್ಳೆಯ ಓದುಗ ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಕಾಗಿತ್ತು. ಹಾಳೆ ಮಡಿಸಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಎಂಜಲು ಬೆರಳಿನಿಂದ ಪುಟ ತಿರುವುವುದಂತೂ ಮಹಾಪಾಪ. ಮುಂದೆ ಅಧ್ಯಾಪಕನಾಗಿ ಪ್ರೌಢಶಾಲೆಯೊಂದರ ಪುಸ್ತಕ ಭಂಡಾರದ ಹೊಣೆ ಹೊತ್ತಾಗ ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಭಂಡಾರವೆಂದರೆ ಎರಡು ಬೀರು, ಒಂದು ದಾಖಲೆ ಪುಸ್ತಕ, ಒಂದು ಬೀಗದಕೈ. ಇಷ್ಟು ವರ್ಷಗಳ ಸೇವೆಯಲ್ಲಿ ನಾನು ಒಪ್ಪಿಸಿದ ಲೆಕ್ಕದಲ್ಲಿ ಒಂದು ಪುಸ್ತಕವೂ ಕಡಿಮೆಯಾಗಿರಲಿಲ್ಲ. ನಿವೃತ್ತಿಯ ದಿನ ಮುಖ್ಯೋಪಾಧ್ಯಾಯರು ಇದನ್ನೇ ಎತ್ತಿ ಹೇಳಿ ಹೊಗಳಿದರು. ಹಾರ ಹಾಕಿಸಿಕೊಂಡ ನಾನೂ ಹಿಗ್ಗಿದೆ. ಆ ಹಿಗ್ಗಿಗೆ ನಾನು ಅರ್ಹನಾಗಿರಲಿಲ್ಲ ಎಂಬುದು ಮನವರಿಕೆಯಾದದ್ದು ತೀರ ಈಚೆಗೆ, ನಮ್ಮೂರ ಗ್ರಂಥಾಲಯದ ಮಕ್ಕಳ ಕಪಾಟಿನ ಮುಂದೆ.

ನಮ್ಮದು ಸಣ್ಣ ಊರು. ಪಂಚಾಯಿತಿ ಕಚೇರಿಯ ಮಗ್ಗುಲಿನ ಕೊಠಡಿಯೇ ಗ್ರಂಥಾಲಯ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಮೊದಲಾಗಿ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ದೊರೆಯಿತು. ಪತ್ರಿಕೆ ಓದುವ ನಾಲ್ಕು ಮಂದಿ ಮುದುಕರ ಕೆಮ್ಮಿನ ಹೊರತು ಬೇರೆ ಸದ್ದಿಲ್ಲದ ಆ ಕೊಠಡಿಯ ಬಾಗಿಲಲ್ಲಿ ಈಗ ಸಂಜೆ ನಾಲ್ಕೂವರೆಗೆ ಪುಟ್ಟ ಚಪ್ಪಲಿಗಳ ರಾಶಿ ಬೀಳುತ್ತದೆ. ಕೆಮ್ಮುವ ನಾಲ್ವರಲ್ಲಿ ನಾನೂ ಒಬ್ಬ. ಗ್ರಂಥಾಲಯದ ಸಲಹಾ ಸಮಿತಿಯಲ್ಲಿಯೂ ನನ್ನ ಹೆಸರಿದೆ; ನಿವೃತ್ತ ಮೇಷ್ಟರಿಗೆ ಇಂಥ ಮರ್ಯಾದೆಗಳು ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ.

ಎರಡು ವರ್ಷದ ಕೆಳಗೆ ಅಲ್ಲಿಗೆ ಎರಡು ಪೆಟ್ಟಿಗೆ ಹೊಸ ಪುಸ್ತಕ ಬಂದವು. ಪಂಚತಂತ್ರ, ತೆನಾಲಿ ರಾಮಕೃಷ್ಣರೇ ಇರಬೇಕೆಂದು ಬಿಚ್ಚಿ ನೋಡಿದರೆ ಹೆಚ್ಚಿನವು ಕತೆಗಳೇ ಅಲ್ಲ. ಒಂದು ದೊಡ್ಡ ಸೊನ್ನೆ, ಒಂದು ಚಿಕ್ಕ ಸೊನ್ನೆ ಬರೆದು ಅದರಿಂದ ಆನೆಯನ್ನು ಹೊರಡಿಸುವ ಪುಸ್ತಕ ಒಂದು. ಎಲೆಗೆ ಬಣ್ಣ ಬಳಿದು ಕಾಗದದ ಮೇಲೆ ಅಚ್ಚೊತ್ತುವುದನ್ನು ಕಲಿಸುವ ಪುಸ್ತಕ ಇನ್ನೊಂದು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ಆಕೃತಿಗಳನ್ನು ಕಟ್ಟುವ ವಿದ್ಯೆ ಮತ್ತೊಂದರಲ್ಲಿ. ಕಸದಿಂದ ಆಟಿಕೆ ಮಾಡುವ ಈ ದಾರಿಯನ್ನು ದೇಶಕ್ಕೆಲ್ಲ ತೋರಿಸಿಕೊಟ್ಟವರು 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತರು. ಮೂರು ಕಡ್ಡಿಯ ತ್ರಿಕೋಣ ಅಲುಗದೆ ನಿಲ್ಲುತ್ತದೆ, ನಾಲ್ಕು ಕಡ್ಡಿಯ ಚೌಕ ಒತ್ತಿದ ಕಡೆಗೆ ವಾಲುತ್ತದೆ. ಸೇತುವೆಯ ಕಬ್ಬಿಣದ ತೊಲೆಗಳಲ್ಲಿ ತ್ರಿಕೋಣಗಳೇ ಏಕೆ ತುಂಬಿರುತ್ತವೆ ಎಂಬುದನ್ನು ಆರನೆಯ ತರಗತಿಯ ಹುಡುಗಿಯೊಬ್ಬಳು ಇದರಿಂದ ತಿಳಿದುಕೊಂಡು ನನಗೆ ವಿವರಿಸಿದಳು. ನನಗೆ ಅಲ್ಲಿಯವರೆಗೆ ಅದು ತಿಳಿದಿರಲಿಲ್ಲ; ತಿಳಿದವನಂತೆ ತಲೆಯಾಡಿಸಿದೆ.

ಚಿತ್ರಕಥೆಗಳೂ ಇದ್ದವು, ಓದುವುದಕ್ಕಷ್ಟೇ ಅಲ್ಲ, ಬರೆಯುವುದಕ್ಕೂ. ನಾಲ್ಕು ಮನೆಗಳ ಚಿತ್ರ ಕೊಟ್ಟು, ಪಾತ್ರಗಳ ಬಾಯಿಂದ ಹೊರಟ ಗುಳ್ಳೆಗಳನ್ನು ಖಾಲಿ ಬಿಟ್ಟು, ಮಾತನ್ನು ಮಗುವೇ ತುಂಬಲಿ ಎಂದು ಬಿಟ್ಟುಕೊಟ್ಟ ಪುಸ್ತಕಗಳು. ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಇಂದಿಗೆ ಬೆಳೆದಿರುವ ರೂಪದಲ್ಲಿ ಈ ಬಗೆಯ ಪುಸ್ತಕಗಳೆಲ್ಲ ಹತ್ತಿರ ಹತ್ತಿರವೇ ನಿಲ್ಲುತ್ತವೆ: ಕಾಗದ ಮಡಿಸುವುದು 736.98, ಚಿತ್ರ ಬರೆಯುವುದು 741, ಚಿತ್ರಕಥೆ 741.5, ಕೈಕಸುಬು 745.5. ಸಾಹಿತ್ಯ ಮೊದಲಾಗುವುದು 800ಕ್ಕೆ. ಸಾಹಿತ್ಯದ ಮನೆಗೆ ಹೋಗುವವರು ಕಲೆಯ ಅಂಗಳವನ್ನು ಹಾದೇ ಹೋಗಬೇಕೆಂಬುದು ಈ ಅಂಕೆಗಳ ಅಭಿಪ್ರಾಯವಿದ್ದರೂ ಇರಬಹುದು. ನಾನು ನನ್ನ ವಿದ್ಯಾರ್ಥಿಗಳನ್ನು ಅಂಗಳದಲ್ಲಿ ನಿಲ್ಲಗೊಡದೆ ಒಳಗೆ ಅಟ್ಟಿದವನು.

ಆ ಪೆಟ್ಟಿಗೆಯ ಒಂದು ಪುಸ್ತಕವನ್ನು ತೆರೆದಾಗ ನನ್ನ ಕೈ ತಡೆಯಿತು. ಪುಟದ ಮೇಲೆ ಕೋಳಿಯೊಂದರ ಬಿಡಿ ಭಾಗಗಳು; ಸುತ್ತ ಚುಕ್ಕಿಗೆರೆ; ಗೆರೆಯ ಕೊನೆಗೆ ಒಂದು ಪುಟ್ಟ ಕತ್ತರಿಯ ಚಿತ್ರ. ಅಂಥದೇ ಕತ್ತರಿಯನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ.

1984ರ ಮಾತು. ಶಾಲೆಗೆ ಆ ವರ್ಷ ಬಂದ ಅನುದಾನದಲ್ಲಿ ಮಕ್ಕಳ ಪುಸ್ತಕಗಳನ್ನು ಕೊಂಡಿದ್ದೆವು. ಅವುಗಳಲ್ಲಿ ಒಂದು ಕಾಗದದ ಕೆಲಸದ ಪುಸ್ತಕವೂ ಸೇರಿತ್ತು. ಎಂಟನೆಯ ತರಗತಿಯ ಹುಡುಗನೊಬ್ಬ ಅದನ್ನು ಒಯ್ದ. ಅವನ ತಂದೆ ಮರ ಕೊಯ್ಯುವ ಕಾರ್ಖಾನೆಯಲ್ಲಿ ಕೂಲಿ. ಹದಿನೈದು ದಿನದ ಮೇಲೆ ಪುಸ್ತಕ ಹಿಂತಿರುಗಿದಾಗ ನನಗೆ ಮೈ ಉರಿಯಿತು. ಚಿತ್ರಗಳ ಅಂಚಿನುದ್ದಕ್ಕೂ ಪೆನ್ಸಿಲು ಒತ್ತಿ ತಿದ್ದಿದ ಗೆರೆ. ಅಲ್ಲಲ್ಲಿ ಅನ್ನದ ಅಗುಳು ಒಣಗಿ ಹಾಳೆಗೆ ಹಾಳೆ ಹತ್ತಿಕೊಂಡಿತ್ತು. ನಡುವಿನ ಎರಡು ಪುಟಗಳಂತೂ ಕತ್ತರಿಸಿಯೇ ಹೋಗಿದ್ದವು. ತರಗತಿಯ ಮುಂದೆ ನಿಲ್ಲಿಸಿ ಕೇಳಿದೆ.

“ಸಾರ್, ಪುಸ್ತಕದಲ್ಲೇ ಹಾಗೆ ಬರೆದಿತ್ತು. ಇಲ್ಲಿ ಕತ್ತರಿಸು ಅಂತ.”

“ಬಾವಿಗೆ ಬೀಳು ಅಂತ ಬರೆದಿದ್ದರೆ ಬೀಳುತ್ತಿದ್ದೆಯೇನೋ?” ಎಂದೆ. ತರಗತಿ ನಕ್ಕಿತು. ನನ್ನ ಮಾತಿನ ಚಮತ್ಕಾರಕ್ಕೆ ನಾನೂ ಒಳಗೊಳಗೆ ಮೆಚ್ಚಿಕೊಂಡೆ.

ಪುಸ್ತಕದ ಬೆಲೆ ಒಂಬತ್ತು ರೂಪಾಯಿ. ಅವನ ತಂದೆ ಮೂರು ಸಂತೆಯ ದಿನ ಬಂದು ಮೂರು ಮೂರು ರೂಪಾಯಿಯಂತೆ ತೀರಿಸಿದ. ಪ್ರತಿ ಸಲವೂ ದುಂಡಗಿನ ಅಕ್ಷರದಲ್ಲಿ ರಶೀತಿ ಬರೆದುಕೊಟ್ಟೆ. ಕೊನೆಯ ಕಂತಿನ ದಿನ ಆತ ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು, “ದುಡ್ಡು ಪೂರಾ ಕಟ್ಟಾಯ್ತಲ್ಲ ಸ್ವಾಮಿ, ಆ ಪುಸ್ತಕ ಹುಡುಗನಿಗೇ ಕೊಡಬಹುದಾ?” ಎಂದು ಕೇಳಿದ. ಕೊಡಲು ಬರುವುದಿಲ್ಲ, ಕೆಟ್ಟ ಪುಸ್ತಕ ದಾಖಲೆಗೆ ಬೇಕು ಎಂದೆ. ಅದನ್ನು ದಾರದಿಂದ ಕಟ್ಟಿ ಬೀರುವಿನ ತಳದಲ್ಲಿಟ್ಟೆ. ಹುಡುಗ ಆಮೇಲೆ ಆ ಬೀರುವಿನ ಕಡೆ ಸುಳಿಯಲಿಲ್ಲ. ನನ್ನ ಲೆಕ್ಕ ಮಾತ್ರ ಸರಿಹೋಯಿತು.

ಚಿತ್ರಕಥೆಗಳ ವಿಷಯದಲ್ಲಿಯೂ ನಾನು ಇಷ್ಟೇ ಬಿಗಿ. ಪಾಠದ ಪುಸ್ತಕದ ಮರೆಯಲ್ಲಿ ಅಮರ ಚಿತ್ರಕಥೆ ಸಿಕ್ಕಿದರೆ ಕಸಿದುಕೊಳ್ಳುತ್ತಿದ್ದೆ. ಆ ಮಾಲೆಯನ್ನು ಬೆಳೆಸಿದ ಅನಂತ ಪೈ ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. 1960ರ ದಶಕದಲ್ಲಿ ಅದರ ಮೊದಲ ಹತ್ತು ಸಂಖ್ಯೆಗಳು ಹೊರಬಂದದ್ದು ಪಶ್ಚಿಮದ ಕತೆಗಳ ಕನ್ನಡ ರೂಪವಾಗಿ, ಹನ್ನೊಂದನೆಯದಾದ ‘ಕೃಷ್ಣ’ನಿಂದಲೇ ನಮ್ಮ ದೇಶದ ಕತೆಗಳು ಮೊದಲಾದವು. ಕನ್ನಡದ ನೆಲದಲ್ಲಿ ಮೊಳೆತ ಗಿಡವನ್ನು ಕನ್ನಡ ಮೇಷ್ಟರು ಕಳೆಯೆಂದು ಕೀಳುತ್ತಿದ್ದರು! ಬಾಲ್ಯದಲ್ಲಿ ನಾನೇ ಚಂದಮಾಮದ ಪುಟವನ್ನು ಕಿಟಕಿಯ ಗಾಜಿಗೆ ಹಿಡಿದು, ಬೇತಾಳನನ್ನು ಹೊತ್ತು ನಡೆಯುವ ವಿಕ್ರಮನ ಚಿತ್ರವನ್ನು ತೆಳುಕಾಗದದ ಮೇಲೆ ಇಳಿಸಿಕೊಂಡಿದ್ದೆ. ಅದನ್ನು ಬರೆದ ಕೆ.ಸಿ. ಶಿವಶಂಕರನ್ ಅವರು 2020ರಲ್ಲಿ ತೀರಿಕೊಂಡರೆಂದು ಓದಿದಾಗ ನನಗೆ ಮೊದಲು ನೆನಪಾದದ್ದು ಕತೆಯಲ್ಲ. ಆ ಬಾಗಿದ ಹೆಗಲಿನ ಗೆರೆಯನ್ನು ತಿದ್ದಿ ತಿದ್ದಿ ಸವೆದ ನನ್ನ ಪೆನ್ಸಿಲು.

ಇನ್ನೊಂದನ್ನೂ ನಾನು ಮರೆತಿದ್ದೆ. ನಮ್ಮ ತಾಯಿಯ ಬಳಿ ಒಂದು ರಂಗೋಲಿ ಪುಸ್ತಕವಿತ್ತು. ಅದು ಅಂಗಡಿಯಲ್ಲಿ ಕೊಂಡದ್ದಲ್ಲ. ಹಳೆಯ ಲೆಕ್ಕದ ಪುಸ್ತಕದ ಉಳಿದ ಹಾಳೆಗಳು. ಏಳು ಚುಕ್ಕಿ ಏಳು ಸಾಲು, ಹದಿನೈದರಿಂದ ಎಂಟಕ್ಕೆ ಇಳಿಯುವ ಚುಕ್ಕಿ ಎಂದು ತಲೆಬರಹ, ಕೆಳಗೆ ಚಿತ್ರ. ಅದರ ತುಂಬ ಅರಿಸಿನದ ಬೆರಳ ಗುರುತು, ಎಣ್ಣೆಯ ಕಲೆ, ಹಬ್ಬದ ಹಿಂದಿನ ರಾತ್ರಿ ಚಿಮಣಿಯಿಂದ ಬಿದ್ದ ಮಸಿ. ಪುಸ್ತಕಕ್ಕೆ ಕಾಲು ತಾಗಿಸಿದರೆ ಗುದ್ದುತ್ತಿದ್ದ ಮನೆಯಲ್ಲಿ ಈ ಪುಸ್ತಕ ಕೆಟ್ಟಿತೆಂದು ಒಬ್ಬರೂ ಅನ್ನಲಿಲ್ಲ. ಅದು ಬೀದಿಯ ಮನೆಮನೆಗೂ ಎರವಲು ಹೋಗುತ್ತಿತ್ತು. ಪರರ ಕೈ ಸೇರಿದ ಪುಸ್ತಕ ಹೋದಂತೆಯೇ ಎಂಬುದು ಹಿರಿಯರ ಮಾತು. ಇದಾದರೋ ಹೋದಾಗಲೆಲ್ಲ ಇನ್ನೊಂದು ಮನೆಯ ಹೊಸ ರಂಗೋಲಿಯನ್ನು ಹೊತ್ತು ಹಿಂತಿರುಗುತ್ತಿತ್ತು. ನಾನು ಕಂಡ ಮೊದಲ ಗ್ರಂಥಾಲಯ ಅದೇ ಆಗಿತ್ತು.

ಚುಕ್ಕಿ ಮತ್ತು ಗೆರೆಗಳೇ ಒಂದು ಲಿಪಿ. ಅಕ್ಷರವನ್ನು ತಡವರಿಸಿ ಓದುತ್ತಿದ್ದ ನಮ್ಮ ತಾಯಿ ಆ ಲಿಪಿಯಲ್ಲಿ ಪಂಡಿತೆ. ಜಪಾನಿನ ಅಕಿರ ಯೋಶಿಜಾವ ಅವರು ಕಾಗದ ಮಡಿಸುವ ಕಲೆಗೆ ಇಂಥದೇ ಒಂದು ಲಿಪಿಯನ್ನು ಕೊಟ್ಟರು. 1954ರ ಅವರ ಪುಸ್ತಕದಿಂದ ಅದು ಹರಡಿತು. ಬಿಡಿ ತುಂಡುಗಳ ಗೆರೆಯಿದ್ದರೆ ಒಳಮಡಿಕೆ. ತುಂಡುಗೆರೆಗಳ ನಡುವೆ ಚುಕ್ಕಿಯಿದ್ದರೆ ಹೊರಮಡಿಕೆ. ಬಾಣ ತೋರಿದ ಕಡೆಗೆ ಕಾಗದ ತಿರುಗಬೇಕು. ಈ ಲಿಪಿಗೆ ಭಾಷೆಯ ಹಂಗಿಲ್ಲ. ಪಾಠ ಓದು ಎಂದರೆ ಮುಖ ತಗ್ಗಿಸುವ ಹುಡುಗನೊಬ್ಬ ನಮ್ಮ ಗ್ರಂಥಾಲಯದಲ್ಲಿ ಇಪ್ಪತ್ತು ಹೆಜ್ಜೆಗಳ ಕೊಕ್ಕರೆಯನ್ನು ಯಾರನ್ನೂ ಕೇಳದೆ ಮಡಿಸಿ ಮುಗಿಸಿದ್ದನ್ನು ನಾನು ನೋಡಿದ್ದೇನೆ. ಅವನಿಗೆ ಓದು ಬಾರದು ಎನ್ನಲು ನನಗೆ ನಾಲಗೆ ಏಳದು.

ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಹೇಳಿದರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ದಾಖಲೆ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಅವರ ಮೊದಲ ಸೂತ್ರ. ಇಷ್ಟು ಸರಳವಾದುದಕ್ಕೆ ಸೂತ್ರವೇಕೆ ಎನ್ನಬಹುದು. ಆದರೆ ಯುರೋಪಿನಲ್ಲಿ ಪುಸ್ತಕಗಳನ್ನು ಹಲಗೆಗೆ ಸರಪಳಿಯಿಂದ ಬಿಗಿಯುತ್ತಿದ್ದ ಕಾಲವೊಂದಿತ್ತು. ಇಂಗ್ಲೆಂಡಿನ ಹೆರಿಫರ್ಡ್ ನಗರದ ದೊಡ್ಡ ಚರ್ಚಿನಲ್ಲಿ ಅಂಥ ಭಂಡಾರ ಇಂದಿಗೂ ಸರಪಳಿಯ ಸಮೇತ ಉಳಿದಿದೆ. ನನ್ನ ಬೀರುವಿಗೆ ಸರಪಳಿಯಿರಲಿಲ್ಲ. ನಾನಿದ್ದೆ.

ನಮ್ಮ ಅರಿವು ಕೇಂದ್ರದ ಮೇಲ್ವಿಚಾರಕಿ ನನ್ನ ಮಗಳಿಗಿಂತ ಚಿಕ್ಕವಳು. ಹೊಸ ಪುಸ್ತಕ ಬಂದ ವಾರವೇ ಆಕೆ ಒಂದು ಡಬ್ಬಿ ಗೋಂದು, ಹಳೆಯ ಪತ್ರಿಕೆಗಳ ಕಟ್ಟು, ಎರಡು ಕತ್ತರಿ ತಂದಿಟ್ಟಳು. ಕತ್ತರಿಗಳನ್ನು ಮೇಜಿನ ಕಾಲಿಗೆ ಉದ್ದನೆಯ ದಾರದಿಂದ ಕಟ್ಟಿದ್ದಾಳೆ. ಪುಸ್ತಕಕ್ಕೆ ಬಿಡುಗಡೆ, ಕತ್ತರಿಗೆ ಬಂಧನ! ಕತ್ತರಿಸಬೇಕಾದ ಪುಟವಿದ್ದರೆ ಮೊದಲು ತೆಳುಕಾಗದದ ಮೇಲೆ ತೆಗೆದುಕೊಳ್ಳಬೇಕೆಂಬುದು ಆಕೆಯ ನಿಯಮ. ಆ ನಿಯಮ ಎಷ್ಟು ದಿನ ನಿಂತೀತೆಂಬುದು ಆಕೆಗೂ ಗೊತ್ತಿತ್ತು. ಮಕ್ಕಳು ಮಾಡಿದ್ದನ್ನು ಅಂಟಿಸಲು ಒಂದು ದಪ್ಪ ನೋಟುಪುಸ್ತಕವಿದೆ. ತೆಂಗಿನ ಗರಿಯ ಪೀಪಿ, ಗಡಿಯಾರ, ಹಾವು ಮಾಡುವ ಬಗೆಯನ್ನು ಮಕ್ಕಳೇ ಅದರಲ್ಲಿ ಹಂತ ಹಂತವಾಗಿ ಚಿತ್ರ ಬರೆದು ವಿವರಿಸಿದ್ದಾರೆ. ಪೆಟ್ಟಿಗೆಯಲ್ಲಿ ಬಂದ ಯಾವ ಪುಸ್ತಕದಲ್ಲಿಯೂ ಅದು ಇರಲಿಲ್ಲ.

ಕಳೆದ ತಿಂಗಳು ಆಕೆ ಅಳುಕುತ್ತ ನನ್ನ ಬಳಿ ಬಂದಳು. ಹನ್ನೊಂದು ಪುಸ್ತಕಗಳು ಇನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಲೆಕ್ಕ ತಪಾಸಣೆ ಹತ್ತಿರ ಬಂದಿದೆ.

“ಮೇಷ್ಟ್ರೇ, ನನ್ನ ಸಂಬಳದಲ್ಲಿ ಹಿಡಿದುಬಿಟ್ಟರೆ ಅನ್ನೋ ಭಯ. ಹಾಗಂತ ಬೀರುವಿನೊಳಗೆ ಇಟ್ಟು ಬೀಗ ಹಾಕೋಕೆ ಮನಸ್ಸು ಬರೋಲ್ಲ. ಹರಿದಿರೋದೆಲ್ಲ ಮಕ್ಕಳು ಓದಿದ್ದು. ಹೊಸದಾಗೇ ಇರೋದು ಯಾರೂ ಮುಟ್ಟದ್ದು.”

ಪುಸ್ತಕಗಳನ್ನು ಒಂದೊಂದಾಗಿ ನೋಡಿದೆ. ಆನೆಯ ಪುಸ್ತಕದಲ್ಲಿ ಸೊನ್ನೆಗಳ ಮೇಲೆ ಸೊನ್ನೆ ಸುತ್ತಿ ಕಾಗದ ತೂತುಬಿದ್ದಿತ್ತು. ಗುಳ್ಳೆಗಳಲ್ಲಿ ಮೂರು ನಾಲ್ಕು ಮಕ್ಕಳ ಮಾತು ಒಂದರ ಮೇಲೊಂದು ಬಿದ್ದಿತ್ತು. ಕೋಳಿಯ ಪುಟ ಇರಲೇ ಇಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ನೂರು ಸಲ ವಿಸ್ತರಿಸಿ ಬರೆಯಿಸಿದ ಗಾದೆ. ಕೆಸರಾದ ಕೈ ಪುಸ್ತಕ ಮುಟ್ಟಿದಾಗ ಮಾತ್ರ ದಂಡ ಹಾಕಿದೆ. ಕೈಯಿಂದ ಕಲಿಯಬೇಕಾದ ಪುಸ್ತಕವನ್ನು ಕೊಡುವ ಗ್ರಂಥಾಲಯ, ಅದು ಸವೆದು ತೀರುವುದನ್ನೂ ಬರುವ ವರ್ಷ ಇನ್ನೊಂದು ಪ್ರತಿ ಕೊಳ್ಳುವುದನ್ನೂ ಮೊದಲೇ ಖರ್ಚಿಗೆ ಸೇರಿಸಿಕೊಳ್ಳಬೇಕು. ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ತೆರುವುದು ಇದಕ್ಕೂ ಸೇರಿಯೇ. ಸೀಮೆಸುಣ್ಣ ಸವೆಯಿತೆಂದು ಯಾವ ತಪಾಸಣೆಯೂ ಮೇಷ್ಟರಿಗೆ ದಂಡ ಹಾಕಿದ್ದಿಲ್ಲ.

ಸಲಹಾ ಸಮಿತಿಯ ಸಭೆ ಸೇರಿತು. ಹನ್ನೊಂದು ಪುಸ್ತಕಗಳನ್ನು ದಾಖಲೆಯಿಂದ ತೆಗೆಯುವುದೆಂದೂ, ಅವನ್ನು ಹಚ್ಚಿಕೊಂಡಿದ್ದ ಮಕ್ಕಳಿಗೇ ಕೊಟ್ಟುಬಿಡುವುದೆಂದೂ ನಾನು ಸೂಚಿಸಿದೆ. ಸ್ವಲ್ಪ ಚರ್ಚೆಯಾಗಿ ಒಪ್ಪಿಗೆ ದೊರೆಯಿತು. ಅಕ್ಷರ ದುಂಡಗಿದೆಯೆಂದು ಪಟ್ಟಿಯನ್ನು ನನ್ನಿಂದಲೇ ಬರೆಯಿಸಿದರು. ‘ಕಾರಣ’ ಎಂಬ ಕಲಮಿನಲ್ಲಿ ಒಬ್ಬರು ‘ನಷ್ಟ’ ಎಂದು ಬರೆಯಲು ಹೇಳಿದರು. ನಾನು ‘ಬಳಕೆಯಿಂದ ಸವೆದಿದೆ’ ಎಂದು ಹನ್ನೊಂದು ಸಲ ಬರೆದು ಕೆಳಗೆ ರುಜು ಹಾಕಿದೆ. ಅಕ್ಷರ ಮಾತ್ರ ಒಂಬತ್ತು ರೂಪಾಯಿಯ ರಶೀತಿಗಳಲ್ಲಿದ್ದಷ್ಟು ದುಂಡಗೆ ಬರಲಿಲ್ಲ. ಈಗ ಕೈ ಸ್ವಲ್ಪ ನಡುಗುತ್ತದೆ.