ನವಜಾತ ಶಿಶುಗಳಲ್ಲಿ ರಕ್ತಸ್ರಾವ ತಡೆ: ವಿಟಮಿನ್ ‘ಕೆ’ ಚುಚ್ಚುಮದ್ದಿನ ಕುರಿತು ಮಾಹಿತಿ

ಜನಿಸಿದ ಪ್ರತಿಯೊಂದು ಶಿಶುವಿಗೂ ವಿಟಮಿನ್ ‘ಕೆ’ ಚುಚ್ಚುಮದ್ದನ್ನು ಒಮ್ಮೆ ನೀಡಬೇಕಾಗಿರುತ್ತದೆ. ಈ ಕುರಿತು ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲ್ಲೂಕುಗಳ ಗರ್ಭಿಣಿಯರು, ಬಾಣಂತಿಯರು ಮತ್ತು ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ರಕ್ತ ಹೆಪ್ಪುಗಟ್ಟುವ ಮತ್ತು ಹೆಪ್ಪು ಕರಗುವ ಕ್ರಿಯೆ:
ಗಾಯವಾದಾಗ ರಕ್ತದಲ್ಲಿನ ಹೆಪ್ಪುಗಟ್ಟಿಸುವ ಅಂಶಗಳು ಫೈಬ್ರಿನ್ ಎಂಬ ನಾರಿನ ಬಲೆಯನ್ನು ಹೆಣೆದು ರಕ್ತಸ್ರಾವವನ್ನು ನಿಲ್ಲಿಸುತ್ತವೆ. ಗಾಯ ಮಾಯುತ್ತಿದ್ದಂತೆ ಪ್ಲಾಸ್ಮಿನ್ ಎಂಬ ಕಿಣ್ವವು ಆ ಹೆಪ್ಪನ್ನು ಕರಗಿಸುತ್ತದೆ. ನವಜಾತ ಶಿಶುವಿನಲ್ಲಿ ಹೆಪ್ಪುಗಟ್ಟಿಸುವ ಹಲವು ಅಂಶಗಳೂ ಕರಗಿಸುವ ಅಂಶಗಳೂ ವಯಸ್ಕರಿಗಿಂತ ಕಡಿಮೆ ಇರುತ್ತವೆ. ಆದಾಗ್ಯೂ ಆರೋಗ್ಯವಂತ ಶಿಶುವಿನಲ್ಲಿ ಇವೆರಡರ ನಡುವೆ ಸಮತೋಲನವಿರುತ್ತದೆ. ವಿಟಮಿನ್ ‘ಕೆ’ ಕೊರತೆಯಾದಲ್ಲಿ ಈ ಸಮತೋಲನ ತಪ್ಪುತ್ತದೆ.

ಕೊರತೆಗೆ ಕಾರಣ:
ಹೆಪ್ಪುಗಟ್ಟಿಸುವ 2, 7, 9 ಮತ್ತು 10ನೇ ಅಂಶಗಳು ಯಕೃತ್ತಿನಲ್ಲಿ ಸಿದ್ಧಗೊಳ್ಳಲು ವಿಟಮಿನ್ ‘ಕೆ’ ಅವಶ್ಯಕ. ಗರ್ಭದಲ್ಲಿರುವಾಗ ತಾಯಿಯಿಂದ ಶಿಶುವಿಗೆ ಇದು ಅತ್ಯಲ್ಪ ಪ್ರಮಾಣದಲ್ಲಿ ದೊರೆಯುತ್ತದೆ. ಎದೆಹಾಲಿನಲ್ಲಿಯೂ ಇದರ ಪ್ರಮಾಣ ಕಡಿಮೆ. ಆದರೆ ಈ ಕಾರಣಕ್ಕಾಗಿ ಎದೆಹಾಲು ನಿಲ್ಲಿಸಬಾರದು. ಚುಚ್ಚುಮದ್ದು ಕೊರತೆಯನ್ನು ತುಂಬುತ್ತದೆ.

ರಕ್ತಸ್ರಾವವಾಗುವ ಅವಧಿ:
1. ಮೊದಲ 24 ಗಂಟೆ: ತಾಯಿಯು ಮೂರ್ಛೆರೋಗ ಅಥವಾ ಕ್ಷಯರೋಗದ ಕೆಲವು ಔಷಧಿ ಸೇವಿಸುತ್ತಿದ್ದಲ್ಲಿ ಸಂಭವ ಹೆಚ್ಚು. ಔಷಧಿಯನ್ನು ತಾವಾಗಿಯೇ ನಿಲ್ಲಿಸದೆ, ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸುವುದು.
2. ಮೊದಲ ವಾರ: ಹೊಕ್ಕುಳು, ಮೂಗು ಅಥವಾ ಕರುಳಿನಿಂದ ರಕ್ತ ಬರಬಹುದು.
3. 2ರಿಂದ 12 ವಾರ, ಕೆಲವೊಮ್ಮೆ 6 ತಿಂಗಳವರೆಗೆ: ಆರೋಗ್ಯವಾಗಿಯೇ ಕಾಣುತ್ತಿದ್ದ ಶಿಶುವಿಗೆ ಮೆದುಳಿನೊಳಗೆ ರಕ್ತಸ್ರಾವವಾಗಿ ಪ್ರಾಣಾಪಾಯ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು.

ಚುಚ್ಚುಮದ್ದಿನ ಪ್ರಮಾಣ:
1,000 ಗ್ರಾಂ ಹಾಗೂ ಹೆಚ್ಚಿನ ತೂಕದ ಶಿಶುವಿಗೆ 1 ಮಿಲಿಗ್ರಾಂ, ಅದಕ್ಕಿಂತ ಕಡಿಮೆ ತೂಕದ ಶಿಶುವಿಗೆ 0.5 ಮಿಲಿಗ್ರಾಂ ಔಷಧಿಯನ್ನು ತೊಡೆಯ ಸ್ನಾಯುವಿಗೆ ನೀಡಲಾಗುತ್ತದೆ.

ಅಪಾಯದ ಚಿಹ್ನೆಗಳು:
• ಹೊಕ್ಕುಳಿನಿಂದ, ಅಥವಾ ತೊಟ್ಟಿಲು ಕಾರ್ಯದಲ್ಲಿ ಕಿವಿ ಚುಚ್ಚಿದ ಜಾಗದಿಂದ ನಿಲ್ಲದ ರಕ್ತಸ್ರಾವ
• ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆಗಳು
• ರಕ್ತವಾಂತಿ ಅಥವಾ ರಕ್ತಮಿಶ್ರಿತ ಮಲ. ಮೊದಲ ದಿನಗಳ ಸಹಜ ಕಪ್ಪು ಮಲ ನಿಂತ ಬಳಿಕ ಮತ್ತೆ ಕಪ್ಪು ಮಲ
• ಹಾಲು ಕುಡಿಯದಿರುವುದು, ಮಂಕಾಗುವುದು, ನೆತ್ತಿ ಉಬ್ಬುವುದು, ಫಿಟ್ಸ್ ಬರುವುದು

ಇವುಗಳಲ್ಲಿ ಯಾವುದೇ ಒಂದು ಚಿಹ್ನೆ ಕಂಡುಬಂದರೂ ಬೂದಿ, ಅರಿಶಿನ ಮುಂತಾದವುಗಳನ್ನು ಹಚ್ಚಿ ಕಾಯದೆ, ಕೂಡಲೇ 108 ಆಂಬುಲೆನ್ಸ್‌ಗೆ ಕರೆ ಮಾಡಿ ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಅಗತ್ಯವಿದ್ದಲ್ಲಿ ಅಲ್ಲಿಂದ ಧಾರವಾಡದ ಜಿಲ್ಲಾ ಆಸ್ಪತ್ರೆಗೆ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಕಳುಹಿಸಲಾಗುತ್ತದೆ.

ಸೇವೆ ಪಡೆಯುವ ವಿಧಾನ:
2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧಿ ಹಾಗೂ ಅನಾರೋಗ್ಯಪೀಡಿತ ಶಿಶುವಿನ ಚಿಕಿತ್ಸೆ ಉಚಿತವಾಗಿರುತ್ತವೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ವಿಟಮಿನ್ ‘ಕೆ’ ನೀಡಿರುವುದನ್ನು ತಾಯಿ ಕಾರ್ಡಿನಲ್ಲಿ ನಮೂದಿಸಿಕೊಳ್ಳುವುದು. ಬಾಣಂತನಕ್ಕಾಗಿ ತವರುಮನೆಗೆ ತೆರಳುವವರು ಕಾರ್ಡನ್ನು ತಪ್ಪದೆ ಜೊತೆಯಲ್ಲಿ ಒಯ್ಯತಕ್ಕದ್ದು.

ಮನೆಯಲ್ಲಾಗಲಿ, ಹೊಲದಲ್ಲಾಗಲಿ, ದಾರಿಯಲ್ಲಾಗಲಿ ಹೆರಿಗೆಯಾದಲ್ಲಿ ಚುಚ್ಚುಮದ್ದು ತಪ್ಪಿಹೋಗುವ ಸಂಭವವಿರುತ್ತದೆ. ಅಂತಹ ಶಿಶುವನ್ನು ವಿಳಂಬವಿಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರುವುದು. ಹೆಚ್ಚಿನ ಮಾಹಿತಿಗಾಗಿ ಗ್ರಾಮದ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.