ಹರಳಿನೊಳಗೆ ಒಂದು ಡಿಗ್ರಿ ಓರೆ

ರೇಡಿಯೊ ಅಲೆ ಬೇಕೆಂದರೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇದೆ, ಬೆಳಕು ಬೇಕೆಂದರೆ ಲೇಸರ್ ಇದೆ. ಇವೆರಡರ ನಡುವೆ, ಸೆಕೆಂಡಿಗೆ ಲಕ್ಷ ಕೋಟಿ ಸಲ ಕಂಪಿಸುವ ಟೆರಾಹರ್ಟ್ಸ್ ಅಲೆಗಳು ಮಾತ್ರ ಬಹಳ ಕಾಲ ಸುಲಭಕ್ಕೆ ಕೈಗೆ ಸಿಗಲಿಲ್ಲ. ಆ ವೇಗಕ್ಕೆ ಟ್ರಾನ್ಸಿಸ್ಟರುಗಳು ಬಳಲುತ್ತವೆ. ಇತ್ತ 1 ಟೆರಾಹರ್ಟ್ಸ್ ಫೋಟಾನಿನ ಶಕ್ತಿ ಎಷ್ಟು ಕಡಿಮೆಯೆಂದರೆ, ಕೋಣೆಯ ಬಿಸಿಯೇ ಅದರ ಆರು ಪಟ್ಟು. ಸಾಮಾನ್ಯ ಲೇಸರಿನ ಶಕ್ತಿಮಟ್ಟಗಳು ಆ ಗದ್ದಲದಲ್ಲಿ ಕಲಸಿಹೋಗುತ್ತವೆ.

ಇಷ್ಟು ಕಷ್ಟಪಟ್ಟು ಅವುಗಳ ಬೆನ್ನು ಹತ್ತಲು ಕಾರಣವಿದೆ. ಈ ಅಲೆಗಳು ಕಾಗದ, ಬಟ್ಟೆ, ಪ್ಲಾಸ್ಟಿಕ್ಕನ್ನು ದಾಟಿ ಹೋಗುತ್ತವೆ. ಜೊತೆಗೆ, ಅನೇಕ ಸಾವಯವ ಪುಡಿಗಳು ತಮ್ಮದೇ ಆದ ಕಂಪನಾಂಕಗಳಲ್ಲಿ ಅವನ್ನು ಹೀರಿಕೊಳ್ಳುತ್ತವೆ. 2003ರಲ್ಲಿ ಜಪಾನಿನ ಕೋದೋ ಕವಾಸೆ ಮತ್ತು ಸಂಗಡಿಗರು ಅಂಚೆ ಲಕೋಟೆಯನ್ನು ತೆರೆಯದೆಯೇ ಒಳಗಿರುವುದು ಮಾದಕವಸ್ತುವೋ ಆಸ್ಪಿರಿನ್ನೋ ಎಂದು ಹೀಗೆ ಗುರುತಿಸಿ ತೋರಿಸಿದರು. ಇದಕ್ಕೆ ಒಂದೇ ಕಂಪನಾಂಕದ ಅಲೆ ಸಾಲದು. ರೇಡಿಯೊದಲ್ಲಿ ಸ್ಟೇಷನ್ ಬದಲಿಸುವಂತೆ ಅದನ್ನು ಬೇಕಾದಲ್ಲಿಗೆ ಸರಿಸಲು ಆಗಬೇಕು.

ಉಪಾಯ ಸರಳ: ಎರಡು ಬೆಳಕುಗಳ ವ್ಯತ್ಯಾಸವನ್ನು ಹಿಡಿಯುವುದು. 1064 ನ್ಯಾನೋಮೀಟರ್ ಲೇಸರಿನ ಕಂಪನಾಂಕ ಸುಮಾರು 282 ಟೆರಾಹರ್ಟ್ಸ್. ಅದರ ಪಕ್ಕದಲ್ಲಿ 1068 ನ್ಯಾನೋಮೀಟರಿನ ಇನ್ನೊಂದು ಕಿರಣವಿಟ್ಟರೆ ಎರಡರ ಅಂತರ ಹೆಚ್ಚುಕಡಿಮೆ 1 ಟೆರಾಹರ್ಟ್ಸ್. ಎರಡನೆಯದನ್ನು 1072ಕ್ಕೆ ಸರಿಸಿದರೆ ಅಂತರ ಎರಡಾಗುತ್ತದೆ. ಆದರೆ ಗಾಳಿಯಲ್ಲಿ ಎರಡು ಕಿರಣಗಳನ್ನು ಕೂಡಿಸಿದ ಮಾತ್ರಕ್ಕೆ ಹೊಸ ಅಲೆ ಹುಟ್ಟುವುದಿಲ್ಲ. ಅವು ಒಂದನ್ನೊಂದು ಹಾದು ತಮ್ಮ ಪಾಡಿಗೆ ಹೋಗುತ್ತವೆ. ಅವನ್ನು ಬೆಸೆಯಲು ಒಳರಚನೆಯಲ್ಲೇ ಸಮತೋಲ ತಪ್ಪಿದ ಹರಳು ಬೇಕು. ಲಿಥಿಯಂ ನಯೋಬೇಟ್ ಅಂಥದ್ದು. ಅದರಲ್ಲಿ ನಯೋಬಿಯಂ ಅಯಾನು ಆಕ್ಸಿಜನ್ ಗೂಡಿನ ನಟ್ಟನಡುವೆ ಕೂರದೆ ಒಂದು ಬದಿಗೆ ಸರಿದಿರುತ್ತದೆ. ಪ್ರಬಲ ಬೆಳಕು ಅಲುಗಿಸಿದಾಗ ಅದರ ಓಲಾಟ ಎರಡೂ ಕಡೆಗೆ ಒಂದೇ ಸಮ ಇರುವುದಿಲ್ಲ, ಆ ಅಸಮದಲ್ಲೇ ವ್ಯತ್ಯಾಸದ ಅಲೆ ಹುಟ್ಟುತ್ತದೆ. ಲೇಸರ್ ಬಂದು ಐದೇ ವರ್ಷಕ್ಕೆ, 1965ರಲ್ಲಿ, ಝೆರ್ನಿಕೆ ಮತ್ತು ಬರ್ಮನ್ ಸಾದಾ ಕ್ವಾರ್ಟ್ಸ್ ಹರಳಿನಲ್ಲಿ ಇದನ್ನು ಮಾಡಿ ತೋರಿಸಿದ್ದರು.

ಹುಟ್ಟಿದರಷ್ಟೇ ಆಗಲಿಲ್ಲ, ಬೆಳೆಯಬೇಕಲ್ಲ. ಹರಳಿನ ಉದ್ದಕ್ಕೂ ಒಂದೊಂದು ಬಿಂದುವಿನಲ್ಲಿ ಹುಟ್ಟಿದ ಅಲೆ ಹಿಂದಿನದರ ಜೊತೆ ಹೆಜ್ಜೆ ಕೂಡಿಸಬೇಕು, ಇಲ್ಲದಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಗ್ಯಾಲಿಯಂ ಸೆಲೆನೈಡ್ ಹರಳಿನಲ್ಲಿ ಇದು ಸಲೀಸು: ಎರಡೂ ಕಿರಣಗಳನ್ನು ಒಂದೇ ನೇರಕ್ಕೆ ಬಿಟ್ಟು ಹರಳನ್ನು ತಿರುಗಿಸುತ್ತ ಹೋದರೆ ಹೆಜ್ಜೆ ಕೂಡುವ ಕೋನ ಸಿಗುತ್ತದೆ. 2002ರಲ್ಲಿ ವೈ ಶಿ, ಯೂಜಿ ಡಿಂಗ್ ಮತ್ತು ಸಂಗಡಿಗರು ಇದರಿಂದ 0.18ರಿಂದ 5.27 ಟೆರಾಹರ್ಟ್ಸ್‌ವರೆಗೆ ಸರಿಸಿದರು. ಆದರೆ ಈ ಹರಳು ಉಗುರಿಗೂ ಗೀರು ಬೀಳುವಷ್ಟು ಮೆದು, ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಬೇಕಾದ ಕೋನಕ್ಕೆ ಕೊಯ್ದುಕೊಳ್ಳಲು ಬಗ್ಗುವುದಿಲ್ಲ.

ಲಿಥಿಯಂ ನಯೋಬೇಟ್ ಗಟ್ಟಿಮುಟ್ಟು, ಧಾರಾಳವಾಗಿ ಸಿಗುತ್ತದೆ. ಅದರ ತಕರಾರು ಬೇರೆ. ಅದರಲ್ಲಿ ಬೆಳಕಿಗೆ ವಕ್ರೀಭವನಾಂಕ ಸುಮಾರು 2.2, ಟೆರಾಹರ್ಟ್ಸ್ ಅಲೆಗೆ 5.2. ಅಂದರೆ ಹುಟ್ಟಿದ ಅಲೆ ತನ್ನನ್ನು ಹುಟ್ಟಿಸಿದ ಬೆಳಕಿನ ಅರ್ಧ ವೇಗದಲ್ಲೂ ಓಡಲಾರದು. ನೇರಕ್ಕೆ ಬಿಟ್ಟರೆ ಹೆಜ್ಜೆ ಕೂಡುವ ಮಾತೇ ಇಲ್ಲ. ಓರೆಗೆ ಬಿಟ್ಟರೆ ಕೂಡುತ್ತದೆ. ಪಂಪ್ ಎನ್ನುವ ಮೊದಲ ಕಿರಣಕ್ಕೂ ಐಡ್ಲರ್ ಎನ್ನುವ ಎರಡನೆಯ ಕಿರಣಕ್ಕೂ ಹರಳಿನ ಹೊರಗೆ ಅಳೆದು ಒಂದು ಡಿಗ್ರಿಯಷ್ಟು ಓರೆ ಇದ್ದರೆ 1 ಟೆರಾಹರ್ಟ್ಸ್, ಎರಡು ಡಿಗ್ರಿಯ ಹತ್ತಿರ ಬಂದರೆ 2. ಟ್ಯೂನಿಂಗ್ ಎಂದರೆ ಇಷ್ಟೇ! ಹರಳನ್ನೂ ಐಡ್ಲರಿನ ಕನ್ನಡಿಗಳನ್ನೂ ತಿರುಗುವ ಒಂದೇ ಪೀಠದ ಮೇಲೆ ಕೂರಿಸಿ, ಕಂಪ್ಯೂಟರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಾರೆ.

ಐಡ್ಲರನ್ನು ಹೊರಗಿನಿಂದ ಕೊಡಲೇಬೇಕೆಂದಿಲ್ಲ. ಪಂಪ್ ಪ್ರಬಲವಾಗಿದ್ದರೆ ಹರಳಿನ ಅಣುಜಾಲದ ಕಂಪನವೇ ಅದನ್ನು ಐಡ್ಲರ್ ಮತ್ತು ಟೆರಾಹರ್ಟ್ಸ್ ಎಂದು ಒಡೆಯುತ್ತದೆ. ನಮ್ಮ ರಾಮನ್ ಪರಿಣಾಮದ ದಾಯಾದಿ ಇದು. ಆದರೆ ತಾನಾಗಿ ಹುಟ್ಟಿದ ಅಲೆ ಹರಡಿಕೊಂಡಿರುತ್ತದೆ. ಚೊಕ್ಕ ಕಂಪನಾಂಕ ಬೇಕಿದ್ದರೆ ಡಯೋಡ್ ಲೇಸರಿನಿಂದ ಒಂದಿಷ್ಟು ಐಡ್ಲರ್ ಬೀಜವನ್ನು ಬಿತ್ತುತ್ತಾರೆ. ಆಗ ತರಂಗದೂರ ಬದಲಿಸಿದಾಗಲೆಲ್ಲ ಕೋನವನ್ನೂ ಬದಲಿಸುವ ಪೇಚು. ಜಪಾನಿನ ತಂಡ ಅದಕ್ಕೊಂದು ಗ್ರೇಟಿಂಗ್ ಇಟ್ಟು, ತರಂಗದೂರದ ಜೊತೆಗೆ ಕೋನವೂ ತಾನಾಗಿ ಸರಿಹೋಗುವಂತೆ ಮಾಡಿತು. ಈ ಇಡೀ ಕಥೆಯಲ್ಲಿ ನನಗೆ ಮೆಚ್ಚಿನ ಜಾಣತನ ಇದು.

ಇನ್ನು ಅಲೆಯನ್ನು ಹೊರತೆಗೆಯುವ ಪಾಡು. ಅದು ಪಂಪಿಗೆ ಸುಮಾರು 65 ಡಿಗ್ರಿ ಓರೆಯಾಗಿ ಹರಳಿನ ಪಕ್ಕದ ಮೈಗೆ ಬಡಿಯುತ್ತದೆ. 5.2ರಷ್ಟು ವಕ್ರೀಭವನಾಂಕ ಇರುವಲ್ಲಿಂದ ಗಾಳಿಗೆ ದಾಟಲು ಆ ಮೈಯ ಲಂಬರೇಖೆಯಿಂದ ಸುಮಾರು 11 ಡಿಗ್ರಿಯೊಳಗೆ ಬಡಿಯಬೇಕು. ಇಲ್ಲವಾದರೆ ಪೂರ್ತಿ ಒಳಗೇ ಪ್ರತಿಫಲಿಸಿ, ಹರಳಿನಲ್ಲೇ ಹೀರಿಹೋಗುತ್ತದೆ. ಅದಕ್ಕೆ ಪಕ್ಕದ ಮೈಗೆ ಸಿಲಿಕಾನ್ ಪ್ರಿಸಂಗಳ ಸಾಲನ್ನು ಒತ್ತಿ ಕೂರಿಸುತ್ತಾರೆ. ಪಂಪ್ ಕಿರಣವನ್ನೂ ಆ ಮೈಗೆ ಆದಷ್ಟು ತಾಗಿಸಿಯೇ ಓಡಿಸುತ್ತಾರೆ, ಅಲೆಗೆ ಹರಳಿನೊಳಗೆ ದಾರಿ ಕಡಿಮೆಯಾಗಲಿ ಎಂದು. ಇಲ್ಲೊಂದು ಎಚ್ಚರ: ಚದುರಿದ ಪಂಪ್ ಬೆಳಕು ಸಿಲಿಕಾನಿಗೆ ಬಿದ್ದರೆ ಅದರಲ್ಲಿ ಎಲೆಕ್ಟ್ರಾನುಗಳು ಎದ್ದು, ಬಂದ ಟೆರಾಹರ್ಟ್ಸ್ ಅಲೆಯನ್ನು ಅವೇ ನುಂಗುತ್ತವೆ.

ಇಷ್ಟೆಲ್ಲ ಮಾಡಿದರೂ ಫಲ ಅಲ್ಪ. 282 ಟೆರಾಹರ್ಟ್ಸಿನ ಒಂದು ಫೋಟಾನ್ ಒಡೆದರೆ ಸಿಗುವುದು 1 ಟೆರಾಹರ್ಟ್ಸಿನ ಒಂದೇ ಫೋಟಾನ್. ಪ್ರತಿ ಪಂಪ್ ಫೋಟಾನೂ ಹೀಗೇ ಒಡೆದರೂ ಹಾಕಿದ ಶಕ್ತಿಯಲ್ಲಿ ಶೇಕಡಾ 0.35ರಷ್ಟೇ ದಕ್ಕುತ್ತದೆ. ಆದರೂ ಒಂದು ನ್ಯಾನೋಸೆಕೆಂಡಿಗಿಂತ ಚಿಕ್ಕ ಪಲ್ಸಿನ ಲೇಸರುಗಳು ಬಂದ ಮೇಲೆ ಕ್ಷಣಿಕ ಶಕ್ತಿ ಹತ್ತಾರು ಕಿಲೋವ್ಯಾಟಿಗೆ ಏರಿದೆ. ಪಂಪನ್ನು ಕದಿಯುತ್ತಿದ್ದ, ಬ್ರಿಲುವಾನ್ ಚದುರಿಕೆ ಎಂಬ ಇನ್ನೊಂದು ಪರಿಣಾಮಕ್ಕೆ ಅಷ್ಟು ಚಿಕ್ಕ ಹೊತ್ತಿನಲ್ಲಿ ಬೇರೂರಲು ಆಗುವುದಿಲ್ಲ.

ಕೊನೆಗೆ ಗಾಳಿ. ಅದರಲ್ಲಿರುವ ನೀರಾವಿ 0.557, 0.752, 1.097 ಟೆರಾಹರ್ಟ್ಸ್ ಮುಂತಾದ ಕಡೆ ಅಲೆಯನ್ನು ಗಬಕ್ಕನೆ ಹೀರುತ್ತದೆ. ಆದ್ದರಿಂದ ಅಲೆ ಸಾಗುವ ದಾರಿಯನ್ನು ಪೆಟ್ಟಿಗೆಯಿಂದ ಮುಚ್ಚಿ ಒಣ ನೈಟ್ರೋಜನ್ ಹಾಯಿಸುತ್ತಾರೆ. ಉಪಕರಣವನ್ನು ಹೊಸದಾಗಿ ಜೋಡಿಸಿದಾಗ ಮಾತ್ರ ನೈಟ್ರೋಜನ್ ಬಿಡುವ ಮುಂಚೆ ಸಾದಾ ಗಾಳಿಯಲ್ಲೇ ಒಂದು ಸುತ್ತು ಅಳೆದು ನೋಡುವುದು ಲೇಸು. ನೀರಾವಿಯ ಕುಸಿತಗಳು ಇರಬೇಕಾದಲ್ಲೇ ಬಿದ್ದರೆ ಕೋನದ ಲೆಕ್ಕ ಸರಿಯಿದೆ. ಎಲ್ಲವೂ ಒಂದೇ ಕಡೆಗೆ ಸರಿದಿದ್ದರೆ ಪೀಠದ ಸೊನ್ನೆ ಡಿಗ್ರಿಯ ಗುರುತನ್ನೇ ಮತ್ತೆ ಕೂರಿಸಬೇಕು.